ಶಿವಪ್ರಸಾದನ ಪಾಲಿನ ಕುರಿಗಳು

ರವೆ ಹುರಿಯುವಾಗ ಫೋನು ಎತ್ತಬಾರದು. ಎತ್ತಿದ್ದರಿಂದಲೇ ಶಿವಪ್ರಸಾದ ನನ್ನ ಮನೆಗೆ ಬಂದ.

ಅತ್ತ ಕಡೆ ಒಬ್ಬ ಅಧಿಕಾರಿ ಮಾತಾಡುತ್ತಿದ್ದ. ಬಲು ಮರ್ಯಾದೆಯ ದನಿ. ಆಸ್ಟ್ರೇಲಿಯಾದ ಜೈಲಿನಲ್ಲಿ ಶಿಕ್ಷೆ ಮುಗಿಸಿದ ಶಿವಪ್ರಸಾದ್ ಎಂಬ ವ್ಯಕ್ತಿಯನ್ನು ಅಲ್ಲಿಂದ ಗಡೀಪಾರು ಮಾಡಿದ್ದಾರೆ, ಗುರುವಾರ ಆಕ್ಲೆಂಡಿಗೆ ಬಂದಿಳಿಯುತ್ತಾನೆ, ಇರುವ ವಿಳಾಸ ಅಂತ ಸ್ಯಾಂಡ್ರಿಂಗಮ್ಮಿನ ನಿಮ್ಮ ಮನೆಯನ್ನು ಬರೆದುಕೊಟ್ಟಿದ್ದಾನೆ, ನಿಮ್ಮ ಒಪ್ಪಿಗೆ ಇದೆ ತಾನೆ, ಅಂದ. ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಬಾಣಲೆಯಲ್ಲಿ ರವೆ ಸೀಯುತ್ತಿತ್ತು. ಏನು ಅಪರಾಧ ಅಂತ ಕೇಳಿದೆ. ಕುರಿ ಕಳ್ಳತನ, ಅಂದ. ನನಗೆ ನಗು ತಡೆಯಲಿಲ್ಲ. ಎಷ್ಟು ಕುರಿ ಅಂದೆ. ಮೂವತ್ತೊಂದು, ಅಂದ. ನಗು ನಿಂತಿತು. ಆದರೂ ಬಾಯಿಂದ ಬಂದದ್ದು ‘ಹೂಂ, ಬರಲಿ’ ಎಂಬುದೇ. ಇಂದಿರಾಳ ಮಗನಿಗೆ ಇಲ್ಲ ಅನ್ನುವ ಬಾಯಿ ನನಗಿಲ್ಲ.

ಇಂದಿರಾ ಹುಬ್ಬಳ್ಳಿಯಲ್ಲಿ ಕಲಿತ ನರ್ಸು, ನಾನು ಮೈಸೂರಿನಲ್ಲಿ ಕಲಿತವಳು. ಇಲ್ಲಿ ನ್ಯೂಜಿಲೆಂಡಿನಲ್ಲಿ ಒಂದೇ ವಾರ್ಡಿನಲ್ಲಿ ಹದಿನೇಳು ವರ್ಷ ದುಡಿದೆವು. ಅವಳ ‘ಹೌದ್ರಿ’ಗೆ ನಾನು ನಗುತ್ತಿದ್ದೆ, ನನ್ನ ‘ಹೌದಾ’ಗೆ ಅವಳು ನಗುತ್ತಿದ್ದಳು. ಗಂಡ ಲಾರಿ ಅಪಘಾತದಲ್ಲಿ ಹೋದ ಮೇಲೆ ಮಗುವನ್ನು ತವರಿನಲ್ಲಿ ಬಿಟ್ಟು ದುಡಿಯಲು ಹೊರಟವಳು. ಇಲ್ಲಿ ಕಾಲೂರಿದ ಮೇಲೆ ಅವನನ್ನು ಕರೆಸಿಕೊಂಡಳು. ಆಗ ಅವನಿಗೆ ಹನ್ನೊಂದು. ಅವಳು ಕ್ಯಾನ್ಸರಿನಲ್ಲಿ ತೀರಿಕೊಂಡು ಐದು ವರ್ಷವಾಯಿತು. ಮಗನಿಗೆ ಜೈಲಾದದ್ದನ್ನು ನೋಡಲಿಲ್ಲ ಅನ್ನುವುದೊಂದೇ ಪುಣ್ಯ.

ಆ ಹನ್ನೊಂದು ವರ್ಷ ಶಿವಪ್ರಸಾದ ಬೆಳೆದದ್ದು ಶಿರಹಟ್ಟಿ ಕಡೆಯ ಒಂದು ಹಳ್ಳಿಯಲ್ಲಿ, ಅಜ್ಜ ಬೀರಪ್ಪನ ಜೊತೆ. ಬೀರಪ್ಪಜ್ಜನಿಗೆ ಸ್ವಂತದ ಕುರಿ ಇರಲಿಲ್ಲ. ಊರಿನ ಒಡೆಯರೊಬ್ಬರು ತಮ್ಮ ಕುರಿಗಳನ್ನು ಅವನಿಗೆ ಪಾಲಿಗೆ ಕೊಟ್ಟಿದ್ದರು. ಪಾಲಿಗೆ ಅಂದರೆ ಇಷ್ಟೆ: ತಾಯಿಕುರಿ ಒಡೆಯರದು, ಮೇಯಿಸುವ ಕಷ್ಟ ಅಜ್ಜನದು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. ಕಾಗದವಿಲ್ಲ, ಸಹಿಯಿಲ್ಲ. ಹುಡುಗ ನಡೆಯಲು ಕಲಿತದ್ದೇ ಆ ಕುರಿಗಳ ಹಿಂದೆ. ದಿನಕ್ಕೆ ಹತ್ತು ಮೈಲಿ ನಡೆದ ಕಾಲನ್ನು ತಂದು ಇಂದಿರಾ ಇಲ್ಲಿನ ಶಾಲೆಯ ಬೆಂಚಿನ ಕೆಳಗೆ ಮಡಚಿಟ್ಟಳು.

ಮಡಚಿದ್ದಲ್ಲಿ ಅದು ನಿಲ್ಲಲಿಲ್ಲ. ಟೀಚರು ವರ್ಷ ವರ್ಷವೂ ರಿಪೋರ್ಟಿನಲ್ಲಿ ಒಂದೇ ಮಾತು ಬರೆಯುತ್ತಿದ್ದರು, ಕೂತಲ್ಲಿ ಕೂರುವುದಿಲ್ಲ ಅಂತ. ಶಾಲೆ ತಪ್ಪಿಸಿ ಸ್ಯಾಂಡ್ರಿಂಗಮ್ ರೋಡಿನಲ್ಲಿ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗುವುದು, ಅಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ಸು ಬರುವುದು. ಶಾಲೆ ಮುಗಿದ ಮೇಲೆ ಬಾಟನಿ ಡೌನ್ಸ್ ಮಾಲಿನಲ್ಲಿ ಟ್ರಾಲಿ ತಳ್ಳಿದ. ತಕಾನಿನಿಯಲ್ಲಿ ಹೊಸ ಮನೆ ಕಟ್ಟುವವರ ಜೊತೆ ಹಲಗೆ ಹೊತ್ತ. ಎಲ್ಲೂ ಒಂದು ವರ್ಷ ದಾಟಲಿಲ್ಲ. ಇಪ್ಪತ್ತೆರಡಕ್ಕೆ, ಇಲ್ಲಿನ ಅರ್ಧಕ್ಕರ್ಧ ಹುಡುಗರು ಮಾಡುವ ಹಾಗೆ, ಆಸ್ಟ್ರೇಲಿಯಾಕ್ಕೆ ಹಾರಿದ. ನಮ್ಮ ನ್ಯೂಜಿಲೆಂಡ್ ಪಾಸ್‌ಪೋರ್ಟು ಇದ್ದವರಿಗೆ ಅಲ್ಲಿ ಬಾಗಿಲು ತೆರೆದೇ ಇರುತ್ತದೆ, ಎಷ್ಟು ವರ್ಷ ಬೇಕಾದರೂ ಇದ್ದು ದುಡಿಯಬಹುದು. ಆದರೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಜೈಲಾದರೆ ವೀಸಾ ರದ್ದು. ಹೆಂಡತಿ ಮಕ್ಕಳು ಅಲ್ಲೇ ಇದ್ದರೂ ನಿಮ್ಮನ್ನು ವಿಮಾನ ಹತ್ತಿಸುತ್ತಾರೆ.

ಅಲ್ಲಿ, ಸಮುದ್ರದಿಂದ ಎಂಟು ತಾಸು ಒಳಗೆ, ಒಂದು ಕುರಿ ಫಾರ್ಮಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಆರು ಸಾವಿರ ಕುರಿ. ಅವನ ಕಾಲಿಗೆ ತಕ್ಕಷ್ಟು ನೆಲ ಕೊನೆಗೂ ಸಿಕ್ಕಿತ್ತು. ಹತ್ತಿರದ ಪಟ್ಟಣದ ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದ ಉಡುಪಿ ಕಡೆಯ ನಿಶಾಳನ್ನು ಮದುವೆಯಾದ. ಅವಳು ಅಲ್ಲಿನ ಪ್ರಜೆ. ಮಗಳು ಹುಟ್ಟಿದಳು, ಶ್ರೀರಕ್ಷಾ. ಇಂದಿರಾ ಫೋನಿನಲ್ಲಿ ಆ ಮಗುವಿನ ಫೋಟೋ ತೋರಿಸಿ ವಾರ್ಡಿನ ರೋಗಿಗಳ ಜೀವ ತಿನ್ನುತ್ತಿದ್ದಳು.

ಆಮೇಲೆ ಮಳೆಯಿಲ್ಲದ ಒಂದು ವರ್ಷ ಬಂತು. ಸೊರಗಿದ ತಾಯಿಕುರಿಗಳು ಮರಿಗಳನ್ನು ಬಿಟ್ಟು ಹೋಗತೊಡಗಿದವು. ಬಾಸು, ಇವನ್ನು ಸಾಕುವ ಪುರುಸೊತ್ತು ನನಗಿಲ್ಲ, ನೀನು ಸಾಕುವುದಾದರೆ ಸಾಕು, ಇಲ್ಲವಾದರೆ ಗುಂಡು ಹಾಕು ಅಂದ. ಶಿವಪ್ರಸಾದ ಅರವತ್ತೆರಡು ಮರಿಗಳನ್ನು ತನ್ನ ಕ್ವಾರ್ಟರ್ಸಿನ ಹಿಂದೆ ತಂದು ಕಟ್ಟಿಕೊಂಡ. ಅವನು, ನಿಶಾ, ಆರು ವರ್ಷದ ಮಗಳು, ಮೂವರೂ ಸೇರಿ ದಿನಕ್ಕೆ ನಾಲ್ಕು ಸಲ ಬಾಟಲಿಯಲ್ಲಿ ಹಾಲು ಕುಡಿಸಿದರು. ಮರಿಗಳು ಬದುಕಿದವು, ದೊಡ್ಡವಾದವು. ಒಂದು ದಿನ ಅವುಗಳಲ್ಲಿ ಮೂವತ್ತೊಂದನ್ನು ಇವನು ಯೂಟ್ ಅನ್ನುವ ಪಿಕಪ್ ಗಾಡಿಯ ಹಿಂದಿನ ಟ್ರೇಲರಿಗೆ ತುಂಬಿ, ಎರಡು ಸಲ ಓಡಾಡಿ, ಬೇರೆ ಜಿಲ್ಲೆಯವನೊಬ್ಬನಿಗೆ ಮಾರಿದ. ಕುರಿಯ ಕಿವಿಯ ಬಿಲ್ಲೆಯಲ್ಲಿ ಫಾರ್ಮಿನ ನಂಬರು ಇರುತ್ತದೆ. ಅದನ್ನು ಕೀಳುವ ಬುದ್ಧಿಯೂ ಇವನಿಗೆ ಹೋಗಲಿಲ್ಲ. ಕೊಂಡವನು ಸಂತೆಗೆ ಹೊಡೆದ, ಸಂತೆಯಲ್ಲಿ ಬಿಲ್ಲೆ ಓದಿದರು, ಪೊಲೀಸರು ಬಂದರು. ಹದಿನಾಲ್ಕು ತಿಂಗಳು.

ಗುರುವಾರ ಏರ್‌ಪೋರ್ಟಿನಿಂದ ಅಧಿಕಾರಿಗಳೇ ಅವನನ್ನು ಕಾರಿನಲ್ಲಿ ತಂದು ಬಿಟ್ಟರು. ಕೈಯಲ್ಲಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ, ಅದರೊಳಗೆ ಎರಡು ಅಂಗಿ, ಒಂದು ಹಲ್ಲುಜ್ಜುವ ಬ್ರಷ್ಷು. ಜಗತ್ತಿಗೆಲ್ಲ ಅವನ ಬನಿಯನ್ ಕಾಣುತ್ತಿತ್ತು. ನನಗೆ ಅಲ್ಲೇ ಅಳು ಬಂತು, ಅದಕ್ಕೇ ಬೈದೆ.

“ಹೇಳದೆ ಕೇಳದೆ ನನ್ನ ಅಡ್ರೆಸ್ ಕೊಟ್ಟಿದ್ದೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?”

“ನನಗ ಬಾಯಿಪಾಠ ಇದ್ದ ಅಡ್ರೆಸ್ಸು ಇದ ಒಂದರಿ, ಆಂಟಿ,” ಅಂದ.

ಅವನನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ಮನೆಯೊಳಗೊಂದು ಗಾಳಿ ಇಟ್ಟುಕೊಂಡ ಹಾಗೆ. ಕಾಫಿ ಕೊಟ್ಟರೆ ನಿಂತೇ ಕುಡಿಯುತ್ತಾನೆ. ತಟ್ಟೆ ಹಿಡಿದು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಹಿತ್ತಲಿಗೆ ಹೋಗುತ್ತಾ ಉಣ್ಣುತ್ತಾನೆ. ಮೂಲೆಯ ಡೈರಿಯಿಂದ ಹಾಲು ತಾ ಅಂದರೆ ಎರಡು ತಾಸು ಬಿಟ್ಟು ಬರುತ್ತಾನೆ, ಹಾಲು ಬೆಚ್ಚಗಾಗಿರುತ್ತದೆ. ನಾನೂ ಸಮಾಧಾನದ ಹೆಂಗಸಲ್ಲ. ಅವನ ಹೆಜ್ಜೆಯ ಸದ್ದಿಗೆ ನನ್ನ ತಲೆ ಚಿಟ್ಟು ಹಿಡಿಯಿತು. ವೆಲ್ಲಿಂಗ್ಟನ್ನಿನಿಂದ ನನ್ನ ಮಗ ಅನೂಪ್ ಫೋನು ಮಾಡಿ, “ಅಮ್ಮಾ, ಅವನು ಕ್ರಿಮಿನಲ್,” ಅಂದ. ನನ್ನ ಮನೆಯಲ್ಲಿ ಕದಿಯುವಂಥ ಕುರಿ ಒಂದೂ ಇಲ್ಲ ಕಣೋ ಅಂತ ಫೋನು ಇಟ್ಟೆ.

ಅವನ ಚಡಪಡಿಕೆಗೆ ಕಾರಣ ಒಂದೇ. ವೀಸಾ ರದ್ದಾದದ್ದನ್ನು ಹಿಂತೆಗೆದುಕೊಳ್ಳಿ ಅಂತ ಅವನು ಜೈಲಿನಲ್ಲಿದ್ದಾಗಲೇ ಅರ್ಜಿ ಹಾಕಿದ್ದ. ತೀರ್ಪು ಇನ್ನೂ ಬಂದಿರಲಿಲ್ಲ, ಅಲ್ಲಿನ ಬಂಧನದಲ್ಲಿ ಕಾಯುವ ಬದಲು ಇಲ್ಲಿ ಕಾಯುತ್ತೇನೆ ಅಂದಿದ್ದ. ಈಗ ಅಲ್ಲಿಂದ ಪತ್ರ ಬಂದಿತ್ತು: ನೀನು ಮಾಡಿದ್ದರ ಬಗ್ಗೆ ನಿನ್ನದೇ ಹೇಳಿಕೆಯನ್ನು ಬರೆದು ಈ ತಿಂಗಳ ಕೊನೆಯೊಳಗೆ ಕಳಿಸು. ಅವರು ಒಪ್ಪಿದರೆ ಹೆಂಡತಿ, ಮಗಳ ಹತ್ತಿರ ವಾಪಸ್ಸು. ಒಪ್ಪದಿದ್ದರೆ ಜನ್ಮದಲ್ಲಿ ಆ ದೇಶದ ಮಣ್ಣು ಮೆಟ್ಟುವ ಹಾಗಿಲ್ಲ. ನಿಶಾ ಇಲ್ಲಿಗೆ ಬರುವುದಿಲ್ಲ ಅಂತ ಖಡಾಖಂಡಿತ ಹೇಳಿಬಿಟ್ಟಿದ್ದಳು. ವಾರಕ್ಕೊಂದು ಸಲ, ಭಾನುವಾರ ಸಂಜೆ, ಮಗಳ ಜೊತೆ ಫೋನಿನಲ್ಲಿ ಮಾತು. ಅಷ್ಟೇ ಅವನಿಗೆ ಉಳಿದಿದ್ದ ಸಂಸಾರ.

ಹೇಳಿಕೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ವಾರ್ಡಿನಲ್ಲಿ ಯಾರಿಗಾದರೂ ತಪ್ಪು ಔಷಧಿ ಹೋದರೆ ನಾವು ನರ್ಸುಗಳು ರಿಪೋರ್ಟು ಬರೆಯಬೇಕು: ಏನಾಯಿತು, ಯಾರು ಮಾಡಿದರು, ಏನು ಮಾಡಬೇಕಾಗಿತ್ತು. ಬಣ್ಣ ಹಚ್ಚುವಂತಿಲ್ಲ, ನೆಪ ಹೇಳುವಂತಿಲ್ಲ. ನನ್ನ ಕೈ ಅದರಲ್ಲಿ ಪಳಗಿತ್ತು. ಉಚಿತವಾಗಿ ಸಲಹೆ ಕೊಡುವ ವಕೀಲೆಯೊಬ್ಬಳ ಹತ್ತಿರ ಇಬ್ಬರೂ ಹೋದೆವು. ಅವಳು ಸುತ್ತಿ ಬಳಸದೆ ಹೇಳಿದಳು, ಅವರು ನೋಡುವುದು ಪಶ್ಚಾತ್ತಾಪ ಇದೆಯೋ ಇಲ್ಲವೋ, ಮಗುವಿನ ಹಿತ ಯಾವುದರಲ್ಲಿದೆ, ಎರಡೇ. ನಾನು ಕದ್ದೆ, ತಪ್ಪಾಯಿತು ಅಂತ ಶುರು ಮಾಡಿ, ಅಂದಳು.

ಮನೆಗೆ ಬಂದು ಕಾಗದ ತೆಗೆದೆ.

“ಹೇಳು. ನಾನು ಕದ್ದೆ.”

“ನಾ ಕದ್ದಿಲ್ರಿ.”

“ಶಿವೂ, ಕೋರ್ಟೇ ಹೇಳಿದೆ ಕಣೋ.”

“ಕೋರ್ಟಿಗೆ ಪಾಲಂದ್ರ ಏನ ಗೊತ್ತೈತ್ರಿ? ತಾಯಿ ಅವಂದು, ಮರಿ ಸಾಕಿದ್ದು ನಾ. ಅರವತ್ತೆರಡರಾಗ ಮೂವತ್ತೊಂದು. ಒಂದ ಹೆಚ್ಚಿಗಿ ತಗೊಂಡಿಲ್ಲ. ಕದಿಯಾಂವ ಆಗಿದ್ರ ಅರವತ್ತೆರಡೂ ಹೊಡಕೊಂಡ ಹೋಗ್ತಿದ್ದಿಲ್ಲೇನು? ಕಿವಿ ಬಿಲ್ಲಿ ಕೀಳ್ತಿದ್ದಿಲ್ಲೇನು?”

ಅವನ ಮುಖ ನೋಡಿದರೆ ಸುಳ್ಳು ಹೇಳುವವನ ಹಾಗಿರಲಿಲ್ಲ. ಬೀರಪ್ಪಜ್ಜನ ಲೆಕ್ಕವನ್ನು ಆಸ್ಟ್ರೇಲಿಯಾಕ್ಕೆ ಹೊತ್ತುಕೊಂಡು ಹೋದ ಪೆದ್ದ ಅಂತಲೇ ನನಗನ್ನಿಸಿತು. ಹಾಗಾದರೆ ಅದನ್ನೇ ಬರೆಯೋಣ ಅಂದೆ. ಬರೆದೂ ನೋಡಿದೆ. ಆದರೆ ಇಂಗ್ಲಿಷಿನಲ್ಲಿ ಓದಿದರೆ ಅದು ಪಶ್ಚಾತ್ತಾಪದ ಪತ್ರವಾಗಿರಲಿಲ್ಲ, ಬಾಕಿ ಇರುವ ನ್ಯಾಯ ಕೇಳುವ ನೋಟಿಸಿನ ಹಾಗಿತ್ತು. ವಕೀಲೆ ಓದಿ, ಇದನ್ನು ಕಳಿಸಿದರೆ ಕಸದ ಬುಟ್ಟಿಗೆ ಹೋಗುತ್ತದೆ ಅಂದಳು.

“ನಿನಗೆ ಮಗಳು ಬೇಕೋ, ಹಠ ಬೇಕೋ?” ಅಂತ ಕೂಗಾಡಿದೆ.

“ಮಗಳಿಗೆ ನಿಮ್ಮಪ್ಪ ಕಳ್ಳ ಅಂತ ಬರದ ಕೊಡ್ಲೇನ್ರಿ?” ಅಂತ ಅವನೂ ಕೂಗಿದ. ಬಾಗಿಲು ಬಡಿದುಕೊಂಡು ಹೊರಗೆ ಹೋದ.

ಹೀಗೆ ದಿನಾ ಬಾಗಿಲು ಬಡಿದುಕೊಂಡು ಎಲ್ಲಿಗೆ ಹೋಗುತ್ತಾನೆ ಅಂತ ನೋಡೋಣವೆಂದು ಒಂದು ಬೆಳಿಗ್ಗೆ ನಾನೂ ಸ್ವೆಟರ್ ಹಾಕಿಕೊಂಡು ಹಿಂದೆ ಹೊರಟೆ. ಅರವತ್ತಾರು ವರ್ಷದ ನಾನು, ಮಂಡಿ ನೋವಿನವಳು, ಕಂಬದಿಂದ ಕಂಬಕ್ಕೆ ಮರೆಯಾಗುತ್ತಾ ಪತ್ತೇದಾರಿಕೆ ಮಾಡಿದೆ. ಅವನು ಹೋದದ್ದು ಕಾರ್ನ್‌ವಾಲ್ ಪಾರ್ಕಿಗೆ. ಊರ ನಡುವೆಯೇ ಇರುವ ಆ ಪಾರ್ಕಿನಲ್ಲಿ ಕುರಿ ಮೇಯುತ್ತವಲ್ಲ! ಕುರಿ ಕದ್ದು ದೇಶಬಿಟ್ಟು ಬಂದವನು ದಿನಾ ಬೆಳಿಗ್ಗೆ ಕುರಿಗಳ ಮುಂದೆ ನಿಂತಿದ್ದಾನೆ ಅಂತ ಯಾರಾದರೂ ಆ ಮರ್ಯಾದೆಯ ದನಿಯ ಅಧಿಕಾರಿಗೆ ಹೇಳಿದರೆ?

ಬೇಲಿ ಹಿಡಿದು ನಿಂತಿದ್ದ. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದ. ಆಚೆ ಒಂದು ತಾಯಿಕುರಿ ಬೆನ್ನ ಮೇಲೆ ಬಿದ್ದು ಕಾಲು ಮೇಲೆ ಮಾಡಿಕೊಂಡು ಒದ್ದಾಡುತ್ತಿತ್ತು. ತಟಕ್ಕನೆ ಬೇಲಿ ಹಾರಿದ, ಹೋಗಿ ಅದನ್ನು ಹೊರಳಿಸಿ ನಿಲ್ಲಿಸಿದ, ನೆಟ್ಟಗೆ ನಿಲ್ಲುವವರೆಗೆ ತನ್ನ ಮೊಣಕಾಲಿಗೆ ಆನಿಸಿಕೊಂಡ, ಬಿಟ್ಟ, ಮತ್ತೆ ಬೇಲಿ ಹಾರಿ ಈಚೆ ಬಂದ. ಬಂದವನು ನೇರ ನಾನಿದ್ದ ಮರದ ಕಡೆ ನೋಡಿ, “ಹೊರಗ ಬರ್ರಿ ಆಂಟಿ, ಸ್ವೆಟರ್ ಕಾಣಸ್ತೈತಿ,” ಅಂದ.

“ಯಾರಾದ್ರೂ ಫೋಟೋ ತೆಗೆದು ಪೊಲೀಸರಿಗೆ ಕೊಟ್ಟಿದ್ರೆ?”

“ಬೆನ್ನ ಮ್ಯಾಲ ಬಿದ್ದ ಕುರಿ ಎಬ್ಬಸ್ಲಿಲ್ಲಂದ್ರ ಹೊಟ್ಟಿ ಉಬ್ಬಿ ಸಾಯತೈತ್ರಿ. ನೋಡಿಕೋತ ಹೆಂಗ ನಿಂದ್ರಲಿ?”

ಬೆಂಚಿನ ಮೇಲೆ ನಾನು ಕೂತೆ. ಅವನು ನಿಂತೇ ಇದ್ದ. ಬೀರಪ್ಪಜ್ಜ ಪಾಲು ಮಾಡುವ ದಿನದ ಕತೆ ಹೇಳಿದ. ದೀಪಾವಳಿ ಪಾಡ್ಯ. ಕುರಿಗಳ ಮೈಗೆ ಕೆಮ್ಮಣ್ಣು, ಕೊಂಬಿಗೆ ಹೂವು. ದೊಡ್ಡಿಯ ಬಾಗಿಲಲ್ಲಿ ಅಜ್ಜ ಮರಿಗಳನ್ನು ಒಂದೊಂದಾಗಿ ಬಿಡುವುದು, ಒಂದು ಬಲಕ್ಕೆ, ಒಂದು ಎಡಕ್ಕೆ. ಹುಡುಗ ಎಡಗಡೆಯ ಮರಿಗಳನ್ನು ಹಿಡಿದುಕೊಳ್ಳಬೇಕು, ಅವು ಅಜ್ಜ ಮೊಮ್ಮಗನ ಪಾಲಿನವು. ಹೇಳುವಾಗ ಅವನ ಕಾಲು ಕುಣಿಯುತ್ತಿತ್ತು. ಕತೆ ಚೆನ್ನಾಗಿತ್ತು. ಅದರಲ್ಲಿ ಏನೋ ಒಂದನ್ನು ಅವನು ಬಿಟ್ಟು ಹೇಳುತ್ತಿದ್ದಾನೆ ಅಂತ ನನಗೆ ತೋಚಲೇ ಇಲ್ಲ.

ತಿಂಗಳ ಕೊನೆಗೆ ಎಂಟು ದಿನ ಉಳಿದಿತ್ತು. ಭಾನುವಾರ ಸಂಜೆ ಮಗಳ ಫೋನು ಬಂತು. ನಾನು ಅಡುಗೆಮನೆಯ ಮೇಜಿನಲ್ಲಿ ಅವರೆಕಾಳು ಸುಲಿಯುತ್ತಿದ್ದೆ. ಸಾಂಬಾರಿಗೆ ಅಂತ ಫ್ರೀಜರಿನಿಂದ ತೆಗೆದು ನೆನೆಸಿಟ್ಟದ್ದು. ಫೋನನ್ನು ಸ್ಪೀಕರಿಗೆ ಹಾಕಿ ಅವನು ಎಂದಿನಂತೆ ಓಡಾಡುತ್ತಿದ್ದ. ಶ್ರೀರಕ್ಷಾಗೆ ಈಗ ಒಂಬತ್ತು ವರ್ಷ. ಅವಳು ಆಡುವುದೆಲ್ಲ ಇಂಗ್ಲಿಷು, ಇವನು ಕನ್ನಡದಲ್ಲೇ ಉತ್ತರ ಕೊಡುತ್ತಾನೆ. ನಾನು ಅವಳ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಶಾಲೆ, ಈಜು, ಹಲ್ಲು ಬಿದ್ದದ್ದು ಎಲ್ಲ ಆಯಿತು. ಆಮೇಲೆ ದನಿ ಸಣ್ಣದು ಮಾಡಿಕೊಂಡು ಕೇಳಿದಳು.

“ಡ್ಯಾಡ್, ನಾನು ಪೊಲೀಸರಿಗೆ ಹೇಳಿಬಿಡಲಾ?”

“ಏನ ಹೇಳ್ತೀ?”

“ಗೇಟು ತೆಗೆದದ್ದು ನಾನು ಅಂತ.”

ಅವನ ಹೆಜ್ಜೆ ನಿಂತಿತು.

“ನೀನು ಯೂಟ್ ಓಡಿಸ್ತಿದ್ದೆ. ಬಾಸ್ ಮದುವೆಗೆ ಹೋಗಿದ್ರು. ಅವರು ವಾಪಸ್ ಬರೋದ್ರೊಳಗೆ ಮುಗಿಸಬೇಕು, ಬೇಗ ಬೇಗ ಅಂದೆ ನೀನು. ನಾನೇ ಇಳಿದು ಗೇಟು ತೆಗೆದೆ, ನಾನೇ ಹಾಕಿದೆ. ಎರಡು ಸಲವೂ. ದಾರೀಲಿ ಅವರ ಕಾರಿನ ಥರದ್ದು ಬಂತು, ತಲೆ ಬಗ್ಗಿಸು ಅಂದೆ ನೀನು. ಬಗ್ಗಿಸಿದೆ. ನಾನು ಯಾರಿಗೂ ಹೇಳಿಲ್ಲ ಡ್ಯಾಡ್. ಮಮ್ಮಿಗೂ ಹೇಳಿಲ್ಲ.”

ನನ್ನ ಕೈಯಲ್ಲಿದ್ದ ಕಾಳು ಕೆಳಗೆ ಬಿತ್ತು. ಅವಳು ಇನ್ನೂ ಮುಗಿಸಿರಲಿಲ್ಲ.

“ಹಾಗಾದ್ರೆ ನಾನೂ ಕದ್ದ ಹಾಗೆ. ಕದ್ದವರನ್ನ ನ್ಯೂಜಿಲೆಂಡಿಗೆ ಕಳಿಸ್ತಾರೆ ಅಲ್ವಾ? ನಾನು ಹೇಳಿದ್ರೆ ನನ್ನನ್ನೂ ನಿನ್ನ ಹತ್ರ ಕಳಿಸ್ತಾರೆ.”

ಅವಳು ಅದನ್ನು ಹೆದರಿಕೊಂಡು ಹೇಳಲಿಲ್ಲ. ತುಂಬಾ ದಿನ ಯೋಚನೆ ಮಾಡಿ ಕಂಡುಹಿಡಿದ ಉಪಾಯದ ಹಾಗೆ, ಸಂಭ್ರಮದಿಂದ ಹೇಳಿದಳು.

“ನೀ ಕದ್ದಿಲ್ಲವ್ವಾ,” ಅಂದ ಶಿವಪ್ರಸಾದ.

“ಗೇಟು ತೆಗೆದದ್ದು ನಾನೇ!”

“ನಾ ತಗೀ ಅಂದಿದ್ದಕ್ಕ ತಗದೀ. ನಿನಗೇನ ಗೊತ್ತಿತ್ತು? ನೀ ಕದ್ದಿಲ್ಲ. ಕದ್ದಾಂವ ನಾ.”

“ಅರ್ಧ ನಮ್ಮವು ಅಂದಿದ್ದೆ ನೀನು.”

“ಅಂದಿದ್ದೆ. ಸುಳ್ಳು ಹೇಳಿದ್ದೆ.”

ಫೋನು ಇಟ್ಟ ಮೇಲೆ ಹಿತ್ತಲಿಗೆ ಹೋಗಿ ನಿಂಬೆಗಿಡದ ಸುತ್ತ ಸುತ್ತತೊಡಗಿದ. ಎಷ್ಟು ಸುತ್ತು ಸುತ್ತಿದನೋ. ನಾನು ಹೋಗಿ ತೋಳು ಹಿಡಿದು ನಿಲ್ಲಿಸಬೇಕಾಯಿತು.

“ಒಡೇರು ಬರೂತನಕ ಅಜ್ಜ ದೊಡ್ಡಿ ಬಾಗಲಾ ತೆಗೀತಿದ್ದಿಲ್ರಿ,” ಅಂದ. ನನ್ನ ಮುಖ ನೋಡಲಿಲ್ಲ. “ಒಂದ ವರ್ಷ ಒಡೇರಿಗೆ ಜ್ವರ ಬಂದಿತ್ತು. ಪಾಡ್ಯೇಕ ಬರಲಿಲ್ಲ. ಅಜ್ಜ ಹದಿನೈದ ದಿನಾ ಕಾದ. ಮನ್ಯಾಗ ಜ್ವಾಳಾ ಇದ್ದಿದ್ದಿಲ್ಲ, ಎರಡ ಮರಿ ಮಾರಿದ್ರ ಬರತಿತ್ತು. ನಾ ಕೇಳಿದೆ, ಹೆಂಗಿದ್ರೂ ಅರ್ಧಾ ನಮ್ಮವ ಅಲ್ಲೇನು ಅಂತ. ಅವ್ರ ಕಣ್ಣಮುಂದ ಬ್ಯಾರೆ ಮಾಡೂತನಕ ಒಂದೂ ನಮ್ಮದಲ್ಲ, ಮುಟ್ಟಿದ್ರ ಕಳವು ಅಂದ. ನನಗಾಗ ಒಂಬತ್ತ ವರ್ಷರಿ ಆಂಟಿ. ಗೊತ್ತಿತ್ತ ನನಗ. ಬಾಸು ಮದಿವಿಗೆ ಹೋಗೂದನ್ನ ನಾ ಕಾದಿದ್ದೆ.”

ಇಷ್ಟು ದಿನ ಕೋರ್ಟಿನ ಮುಂದೆ, ಜೈಲಿನಲ್ಲಿ, ನನ್ನ ಮುಂದೆ, ಅಜ್ಜನನ್ನು ಅಡ್ಡ ಹಿಡಿದುಕೊಂಡು ನಿಂತಿದ್ದ. ಸತ್ತ ಅಜ್ಜನ ಹೆಸರಿನಲ್ಲಿ ಸುಳ್ಳು ಹೇಳಿದನಲ್ಲ ಅಂತ ಮೈ ಉರಿಯಿತು. ಎರಡು ಬಿಗಿಯೋಣ ಅನ್ನಿಸಿತು. ಆದರೆ ಅವನು ಅಳುತ್ತಿದ್ದ, ಮೂವತ್ತನಾಲ್ಕು ವರ್ಷದ ಗಂಡಸು, ಮೂಗು ಸುರಿಸಿಕೊಂಡು. ಒಳಗೆ ಕರೆದುಕೊಂಡು ಹೋಗಿ ಅನ್ನ ಹಾಕಿದೆ.

ಮಾರನೆಯ ದಿನ ಹೇಳಿಕೆ ಬರೆದೆವು. ನರ್ಸಿನ ರಿಪೋರ್ಟಿನ ಹಾಗೆ, ಒಂದು ಪುಟ. ನಾನು ಕದ್ದೆ. ಕುರಿಗಳ ಮಾಲೀಕ ಊರಿನಲ್ಲಿಲ್ಲದ ದಿನವನ್ನು ಆರಿಸಿಕೊಂಡೆ. ನನ್ನ ಅಜ್ಜ ನನಗೆ ಕಲಿಸಿದ ಪ್ರಕಾರವೂ ಇದು ಕಳ್ಳತನ. ಓದಿ ನನಗೇ ಸಮಾಧಾನವಾಯಿತು. ಇದು ಕೆಲಸ ಮಾಡುತ್ತದೆ ಅನ್ನಿಸಿತು. ಮಗುವಿನ ಹಿತಕ್ಕೆ ತಂದೆ ಬೇಕು ಅಂತ ಕೊನೆಯಲ್ಲಿ ಸೇರಿಸಿದೆ.

“ಇನ್ನೊಂದ ಬರೀರಿ,” ಅಂದ. “ನನ್ನ ಮಗಳು ಯೂಟಿನ್ಯಾಗ ಇದ್ದಳು. ಆರು ವರ್ಷದಾಕಿ. ನಾ ಹೇಳಿದ್ದಕ್ಕ ಗೇಟ ತಗದಳು. ಆಕಿಗೆ ಏನೂ ಗೊತ್ತಿದ್ದಿಲ್ಲ.”

ಪೆನ್ನು ಕೆಳಗಿಟ್ಟೆ. “ತಲೆ ಕೆಟ್ಟಿದೆಯಾ ನಿಂಗೆ? ಅದು ಪೊಲೀಸರಿಗೇ ಗೊತ್ತಿಲ್ಲ. ಯಾರೂ ಕೇಳಿಲ್ಲ.”

“ಬರೀರಿ.”

ವಕೀಲೆಗೆ ಫೋನು ಹಚ್ಚಿಕೊಟ್ಟೆ. ಅವಳೂ ಅದೇ ಹೇಳಿದಳು. ಮಗುವನ್ನು ಕಳ್ಳತನಕ್ಕೆ ಕರೆದುಕೊಂಡು ಹೋದವನು ಅಂತಾದರೆ, ಮಗುವಿನ ಹಿತಕ್ಕೆ ಈ ತಂದೆ ಬೇಕು ಅನ್ನುವ ವಾದವೇ ಬಿದ್ದುಹೋಗುತ್ತದೆ, ನಮ್ಮ ಕೈಯಲ್ಲಿ ಇರುವುದೇ ಅದೊಂದು ವಾದ, ದಯವಿಟ್ಟು ಬೇಡ. ಅವನು ಎಲ್ಲ ಕೇಳಿಸಿಕೊಂಡು ಥ್ಯಾಂಕ್ಯೂ ಅಂದ. ಫೋನು ಇಟ್ಟು ನನ್ನ ಕಡೆ ತಿರುಗಿ, “ನೀವ ಬರೀಲಿಲ್ಲಂದ್ರ ನಾ ಬರೀತೇನ್ರಿ,” ಅಂದ. ಅವನ ಕೈಬರಹ ನೋಡಿದ್ದೆ. ಬೈಯುತ್ತಾ ನಾನೇ ಬರೆದೆ. ಸಹಿ ಹಾಕಿದ. ಕಳಿಸಿದೆವು.

ಆಮೇಲೆ ಕಾಯುವ ಕೆಲಸ. ಹನ್ನೊಂದು ವಾರ. ಅವನಿಗೆ ತಕಾನಿನಿಯಲ್ಲಿ ಬೇಲಿ ಹಾಕುವ ಕೆಲಸ ಸಿಕ್ಕಿತು. ಜೈಲಿನ ವಿಷಯ ಮೊದಲೇ ಹೇಳಿದ್ದಕ್ಕೆ ಆ ಮಾಲೀಕ, ನನ್ನ ಹತ್ತಿರ ಕುರಿ ಇಲ್ಲ, ಕಂಬ ಮಾತ್ರ ಇವೆ ಅಂತ ನಕ್ಕನಂತೆ. ಬೆಳಿಗ್ಗೆ ಆರಕ್ಕೆ ಹೋದವನು ಸಂಜೆ ಬಂದು ಮೊದಲು ಕೇಳುವುದು ಒಂದೇ, “ಏನರ ಬಂತೇನ್ರಿ?” ನನಗೂ ಆ ರೋಗ ಅಂಟಿತು. ದಿನಕ್ಕೆ ಹತ್ತು ಸಲ ಕಂಪ್ಯೂಟರ್ ತೆಗೆದು ನೋಡುತ್ತಿದ್ದ ನಾನು, ಟೀವಿ ಮುಂದೆ ಹತ್ತು ನಿಮಿಷ ಕೂರಲಾರದವಳಾದೆ. ಅವನು ಮುಂಬಾಗಿಲಿನಿಂದ ಹಿತ್ತಲಿಗೆ, ನಾನು ಹಿತ್ತಲಿನಿಂದ ಮುಂಬಾಗಿಲಿಗೆ. ನಡುವೆ ಡಿಕ್ಕಿ ಹೊಡೆದುಕೊಂಡು ಬೈದಾಡುತ್ತಿದ್ದೆವು. ಯುಗಾದಿಗೆ ಬಾಟನಿ ಡೌನ್ಸಿನ ಪರಿಚಯದ ವೇದಾ ಇಲ್ಲಿನ ಕನ್ನಡದವರನ್ನೆಲ್ಲ ತಮ್ಮ ಮನೆಗೆ ಕರೆದಿದ್ದರು. ನನಗೆ ಫೋನು ಮಾಡಿ, “ನೀವೊಬ್ರೇ ಬನ್ನಿ ಆಯ್ತಾ,” ಅಂದರು. ನಾನು ಹೋಗಲಿಲ್ಲ. ಮನೆಯಲ್ಲೇ ಹೋಳಿಗೆ ಮಾಡಿದೆ. ಅವನು ಓಡಾಡುತ್ತಾ ಆರು ತಿಂದ.

ಉತ್ತರ ಬಂದದ್ದು ಒಂದು ಭಾನುವಾರದ ಹಿಂದಿನ ದಿನ. ಪ್ರಿಂಟು ತೆಗೆದರೆ ನಾಲ್ಕು ಪುಟ. ಓದುವ ಮೊದಲೇ ಗೊತ್ತಾಯಿತು. ಒಳ್ಳೆಯ ಸುದ್ದಿಗೆ ನಾಲ್ಕು ಪುಟ ಬೇಕಾಗುವುದಿಲ್ಲ. ಅರ್ಜಿ ತಿರಸ್ಕರಿಸಲಾಗಿದೆ. ಕಾರಣಗಳಲ್ಲಿ ಮೊದಲನೆಯದೇ, ಅರ್ಜಿದಾರ ತನ್ನ ಆರು ವರ್ಷದ ಮಗಳನ್ನು ಅಪರಾಧಕ್ಕೆ ಬಳಸಿಕೊಂಡಿದ್ದಾನೆ, ಅಂತ.

“ಹೇಳಿದ್ನೋ ಇಲ್ವೋ?” ಅಂತ ಕೂಗಿದೆ. “ಹೇಳಿದ್ನೋ ಇಲ್ವೋ ನಾನು? ಆ ಒಂದು ಸಾಲು ಬಿಟ್ಟಿದ್ರೆ ಇವತ್ತು ಟಿಕೆಟ್ ತಗೋತಿದ್ದೆ! ನಿನ್ನ ಕೈಯಾರೆ ನೀನೇ ಹಾಳು ಮಾಡ್ಕೊಂಡೆ!” ಕಾಗದವನ್ನು ಮೇಜಿನ ಮೇಲೆ ಎಸೆದೆ.

ಅವನು ಕಾಗದ ತೆಗೆದುಕೊಂಡು, ಬೆರಳಿಟ್ಟು, ನಿಧಾನವಾಗಿ ಓದುತ್ತಾ ಹೋದ. ಮೂರನೆಯ ಪುಟದಲ್ಲಿ ಬೆರಳು ನಿಂತಿತು. ನನ್ನ ಪೆನ್ನು ತೆಗೆದುಕೊಂಡು ಒಂದು ಸಾಲಿನ ಕೆಳಗೆ ಗೆರೆ ಎಳೆದ.

ಮಗುವಿಗೆ ಯಾವ ಅರಿವೂ ಇರಲಿಲ್ಲ, ನಡೆದದ್ದಕ್ಕೆ ಮಗು ಯಾವ ರೀತಿಯಲ್ಲೂ ಹೊಣೆಯಲ್ಲ.

“ಇದ ಬೇಕಾಗಿತ್ರಿ ನನಗ,” ಅಂದ. “ನಾ ಹೇಳಿದ್ರ ಆಕಿ ನಂಬೂದಿಲ್ಲ. ಒಂದ ಸಲ ಸುಳ್ಳ ಹೇಳಿದಾಂವ ನಾ. ಇದು ಸರ್ಕಾರದ್ದು. ದೊಡ್ಡಾಕಿ ಆದಮ್ಯಾಲೂ ಇದು ಇರತೈತಿ.”

ಅಷ್ಟು ದಿನ ಅವನನ್ನು ಪೆದ್ದ ಅಂದುಕೊಂಡಿದ್ದ ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಮರುದಿನ ಸಂಜೆ ಫೋನು ಬಂದಾಗ ಅವನು ಆ ಸಾಲನ್ನು ಇಂಗ್ಲಿಷಿನಲ್ಲಿ ಮಗಳಿಗೆ ಓದಿ ಹೇಳಿದ. ಎರಡು ಸಲ ಓದಿದ. ಕೆಳಗೆ ಯಾರ ಸಹಿ ಇದೆ ಅನ್ನುವುದನ್ನೂ ಓದಿದ.

“ಅಂದ್ರೆ ನಾನು ಕದ್ದಿಲ್ಲ?” ಅಂದಳು.

“ಇಲ್ಲವ್ವಾ.”

“ಸ್ವಲ್ಪಾನೂ?”

“ಒಂದ ಚೂರೂ ಇಲ್ಲ.”

ಅವಳು ಒಂದು ದೊಡ್ಡ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಮೂರು ವರ್ಷ ಒಳಗೇ ಹಿಡಿದಿಟ್ಟದ್ದು ಅದು. ಅವಳು ಯೋಚನೆ ಮಾಡುತ್ತಿದ್ದಳು.

“ಹಾಗಾದ್ರೆ ನನ್ನನ್ನ ಅಲ್ಲಿಗೆ ಕಳಿಸಲ್ಲ,” ಅಂದಳು.

ಶಿವಪ್ರಸಾದ ಕುರ್ಚಿ ಎಳೆದುಕೊಂಡು ಕೂತ.

“ಇಲ್ಲವ್ವಾ,” ಅಂದ. “ಕಳಸೂದಿಲ್ಲ.”